ಸಂಪ್ರದಾಯವಾದಿ ಅಭ್ಯರ್ಥಿಗೆ ಬಾಗಲಕೋಟೆಯಿಂದ ಕೆಲವು ಪ್ರಶ್ನೆಗಳು

ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲಿ ಚುನಾವಣೆಗೆ ನಿಲ್ಲುವ ಬಿಜೆಪಿಯ ಸಂಪ್ರದಾಯವಾದಿ ಅಭ್ಯರ್ಥಿ ರಾಷ್ಟ್ರದ ವಿಷಯಗಳ ಬಗ್ಗೆ ಏನು ಹೇಳುತ್ತಾರೆ ಎಂಬುದು ಇಲ್ಲಿನ ಮತದಾರರಿಗೆ ಬಾಯಿಪಾಠವಾಗಿದೆ. ಕಾಶ್ಮೀರದ 370ನೇ ವಿಧಿ, ಅಯೋಧ್ಯೆಯ ರಾಮಮಂದಿರ, ಏಕರೂಪ ನಾಗರಿಕ ಸಂಹಿತೆ, ಪೌರತ್ವ ತಿದ್ದುಪಡಿ ಕಾಯ್ದೆ, ಒಂದು ರಾಷ್ಟ್ರ ಒಂದು ಚುನಾವಣೆ, ಗೋಹತ್ಯೆ ನಿಷೇಧ ಎಂದು ಅವರು ಎಲ್ಲಿಯೂ ತಡವರಿಸದೆ ಹೇಳಿಕೊಂಡು ಹೋಗುತ್ತಾರೆ. ಕೇಳುವವರೂ ಚಪ್ಪಾಳೆ ತಟ್ಟುತ್ತಾರೆ. ಅದೇ ವೇದಿಕೆಯ ಕೆಳಗೆ ನಿಂತವರೊಬ್ಬರು ಆಲಮಟ್ಟಿ ಅಣೆಕಟ್ಟೆಯ ಎತ್ತರದ ಬಗ್ಗೆಯೋ ಮಹದಾಯಿ ನದಿಯ ನೀರಿನ ಬಗ್ಗೆಯೋ ಕಬ್ಬಿನ ದರದ ಬಗ್ಗೆಯೋ ಕೇಳಿದಾಗ ಮಾತಿನ ವೇಗ ತಗ್ಗುತ್ತದೆ. ಕೇಂದ್ರದ ಗಮನಕ್ಕೆ ತಂದಿದ್ದೇವೆ, ಕಾನೂನು ತಜ್ಞರೊಂದಿಗೆ ಚರ್ಚೆ ನಡೆದಿದೆ, ರಾಜ್ಯ ಸರ್ಕಾರ ಸರಿಯಾದ ದಾಖಲೆ ಕೊಟ್ಟಿಲ್ಲ ಎಂಬ ಉತ್ತರಗಳು ಬರುತ್ತವೆ. ಈ ವ್ಯತ್ಯಾಸ ಅಭ್ಯರ್ಥಿಯ ಜ್ಞಾನದ ಕೊರತೆಯಿಂದ ಹುಟ್ಟಿದ್ದಲ್ಲ ಎಂದು ನಾನು ಭಾವಿಸುತ್ತೇನೆ. ರಾಜ್ಯದ ಹಿತವೂ ಪಕ್ಷದ ದಿಲ್ಲಿಯ ತೀರ್ಮಾನವೂ ಒಂದೇ ದಾರಿಯಲ್ಲಿ ಸಾಗುವವರೆಗೆ ಅವರ ಮಾತು ಖಚಿತವಾಗಿರುತ್ತದೆ. ಎರಡೂ ಎದುರುಬದುರಾದ ಜಾಗದಲ್ಲಿ ಅದು ಮಸುಕಾಗುತ್ತದೆ. ಒಬ್ಬ ಅಭ್ಯರ್ಥಿಯನ್ನು ಅಳೆಯಬೇಕಾದದ್ದು ಆ ಜಾಗದಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

ಈ ಪ್ರಶ್ನೆಯನ್ನು ನಾನು ಎದುರು ಪಕ್ಷದ ಕಡೆ ನಿಂತು ಎತ್ತುತ್ತಿಲ್ಲ. ಸಾಲ ಮಾಡಿ ಹಬ್ಬ ಮಾಡಬಾರದು, ಹಿರಿಯರ ಹೊಲ ಮಾರಬಾರದು, ಮಠದ ದಾಸೋಹಕ್ಕೆ ಜೋಳ ಮುಟ್ಟಿಸದೆ ಸುಗ್ಗಿ ಮುಗಿಯಬಾರದು ಎಂದು ನಂಬಿದ ಮನೆಯಲ್ಲಿ ಬೆಳೆದವನು ನಾನು. ದೇಶದ ಭದ್ರತೆ, ಕುಟುಂಬದ ಒಗ್ಗಟ್ಟು, ಧರ್ಮದ ಮೇಲಿನ ಶ್ರದ್ಧೆ, ಸಾಧ್ಯವಾದಷ್ಟು ಸರ್ಕಾರದ ಹಂಗಿಲ್ಲದೆ ಬದುಕುವ ಹಟ, ಇವುಗಳನ್ನು ರಾಜಕೀಯದಲ್ಲಿಯೂ ಯಾರಾದರೂ ಎತ್ತಿ ಹಿಡಿಯಬೇಕು ಎಂದು ನನಗೆ ಅನಿಸುತ್ತದೆ. ಹಾಗೆ ಎತ್ತಿ ಹಿಡಿಯುತ್ತೇನೆ ಎಂದು ಬಂದವರನ್ನು ಅವರದೇ ಮೌಲ್ಯಗಳ ಅಳತೆಗೋಲಿನಿಂದ ನೋಡುವ ಹಕ್ಕು ನಮ್ಮಂಥವರಿಗೆ ಹೆಚ್ಚಾಗಿಯೇ ಇದೆ.

ರಾಷ್ಟ್ರದ ವಿಷಯಗಳಲ್ಲಿ ಕೆಲವನ್ನು ಬೇಗ ಮುಗಿಸಬಹುದು. 370ನೇ ವಿಧಿಯ ವಿಶೇಷ ಸ್ಥಾನಮಾನ 2019ರ ಆಗಸ್ಟ್‌ನಲ್ಲಿ ಕೊನೆಗೊಂಡಿತು. ಅಯೋಧ್ಯೆಯಲ್ಲಿ ಪ್ರಾಣಪ್ರತಿಷ್ಠೆ 2024ರ ಜನವರಿ 22ರಂದು ನಡೆಯಿತು. ಆದ ಕೆಲಸವನ್ನು ಹೇಳಿ ಮತ ಕೇಳುವುದರಲ್ಲಿ ತಪ್ಪಿಲ್ಲ, ಆದರೆ ಮುಂದಿನ ಐದು ವರ್ಷ ಸಂಸತ್ತಿನಲ್ಲಿ ಕುಳಿತು ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ಅದು ಉತ್ತರವಾಗುವುದಿಲ್ಲ. ಏಕರೂಪ ನಾಗರಿಕ ಸಂಹಿತೆಯ ವಿಷಯದಲ್ಲಿ ತತ್ತ್ವಕ್ಕೆ ನನ್ನ ವಿರೋಧವಿಲ್ಲ. ಆದರೆ 2024ರಲ್ಲಿ ಉತ್ತರಾಖಂಡ ಅಂಗೀಕರಿಸಿದ ಸಂಹಿತೆ ಪರಿಶಿಷ್ಟ ಪಂಗಡಗಳನ್ನು ಹೊರಗಿಟ್ಟಿದೆ. ಬೆಳಗಾವಿ ಜಿಲ್ಲೆಯ ವಾಲ್ಮೀಕಿ ನಾಯಕರು ಪರಿಶಿಷ್ಟ ಪಂಗಡಕ್ಕೆ ಸೇರಿದವರು. ಅವರ ವಿಷಯದಲ್ಲಿ ನಿಲುವೇನು, ನಮ್ಮ ಅವಿಭಕ್ತ ಕುಟುಂಬಗಳ ಪಿತ್ರಾರ್ಜಿತ ಹೊಲದ ಹಕ್ಕು ಏನಾಗುತ್ತದೆ ಎಂದು ಅಭ್ಯರ್ಥಿ ಬಿಡಿಸಿ ಹೇಳಬೇಕು. ಸಂಹಿತೆ ಬೇಕು ಎಂದಷ್ಟೇ ಹೇಳಿ ನಿಲ್ಲುವುದು ಘೋಷಣೆಯಾಗುತ್ತದೆ, ನಿಲುವಾಗುವುದಿಲ್ಲ.

ಒಂದು ರಾಷ್ಟ್ರ ಒಂದು ಚುನಾವಣೆಯ ಬಗ್ಗೆ ಮಾತ್ರ ಸ್ವಲ್ಪ ನಿಂತು ಯೋಚಿಸಬೇಕೆನಿಸುತ್ತದೆ. ಇದಕ್ಕಾಗಿ ಸಂವಿಧಾನದ 129ನೇ ತಿದ್ದುಪಡಿ ಮಸೂದೆಯನ್ನು 2024ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡಿಸಿ ಜಂಟಿ ಸಂಸದೀಯ ಸಮಿತಿಗೆ ಒಪ್ಪಿಸಲಾಯಿತು. ಖರ್ಚು ಉಳಿಯುತ್ತದೆ, ಪದೇಪದೇ ನೀತಿಸಂಹಿತೆ ಜಾರಿಯಾಗಿ ಕೆಲಸ ನಿಲ್ಲುವುದು ತಪ್ಪುತ್ತದೆ ಎಂಬ ವಾದದಲ್ಲಿ ಸತ್ಯವಿದೆ. ಆದರೆ ಕರ್ನಾಟಕದ ಮತದಾರರು ದಿಲ್ಲಿಯನ್ನೂ ಬೆಂಗಳೂರನ್ನೂ ಬೇರೆಬೇರೆಯಾಗಿ ತೂಗುವ ಅಭ್ಯಾಸವನ್ನು ನಾಲ್ಕು ದಶಕಗಳಿಂದ ಬೆಳೆಸಿಕೊಂಡು ಬಂದಿದ್ದಾರೆ. 1984ರ ಡಿಸೆಂಬರ್‌ನಲ್ಲಿ ರಾಜ್ಯದ 28 ಲೋಕಸಭಾ ಸ್ಥಾನಗಳಲ್ಲಿ 24ನ್ನು ಕಾಂಗ್ರೆಸ್ಸಿಗೆ ಕೊಟ್ಟ ಇದೇ ಜನ, ಆಗಿನ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ಆ ಸೋಲಿನ ಹೊಣೆ ಹೊತ್ತು ಹೊಸ ಜನಾದೇಶ ಕೇಳಿದಾಗ 1985ರ ಮಾರ್ಚ್‌ನಲ್ಲಿ ಜನತಾ ಪಕ್ಷಕ್ಕೆ ವಿಧಾನಸಭೆಯ 139 ಸ್ಥಾನಗಳನ್ನು ಕೊಟ್ಟರು. 2023ರಲ್ಲಿ ವಿಧಾನಸಭೆಗೆ ಕಾಂಗ್ರೆಸ್ಸಿನ 135 ಮಂದಿಯನ್ನು ಗೆಲ್ಲಿಸಿದವರು ಮರುವರ್ಷ ಲೋಕಸಭೆಗೆ ಬಿಜೆಪಿಯ 17 ಮಂದಿಯನ್ನು ಕಳಿಸಿದರು. ಅದೇ ಹೆಗಡೆಯವರು 1991ರಲ್ಲಿ ನಮ್ಮ ಬಾಗಲಕೋಟೆಯಿಂದ ಲೋಕಸಭೆಗೆ ನಿಂತಾಗ ಸಿದ್ದು ನ್ಯಾಮಗೌಡರ ಎದುರು ಸೋತರು. ಪ್ರಧಾನಿಯಾಗಬಲ್ಲವರೆಂದು ದೇಶವೇ ಹೆಸರಿಸುತ್ತಿದ್ದ ನಾಯಕನ ಎದುರು ಗೆದ್ದ ನ್ಯಾಮಗೌಡರು ಏನು ಮಾಡಿದ್ದರು ಎಂದರೆ, ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರನ್ನು ಕೂಡಿಸಿ, ವಂತಿಗೆ ಎತ್ತಿ, ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿಸಿದ್ದರು. ಶ್ರಮಬಿಂದು ಸಾಗರವೆಂದು ಹೆಸರಾದ ಆ ಬ್ಯಾರೇಜು ಸರ್ಕಾರದ ದಾರಿ ಕಾಯದೆ ಎದ್ದು ನಿಂತದ್ದು. ಅವರು ಕಾಂಗ್ರೆಸ್ಸಿನವರಾಗಿದ್ದರೂ, ಊರಿನ ಜನ ತಮ್ಮ ಹಣ, ತಮ್ಮ ದುಡಿಮೆಯಿಂದ ಕಟ್ಟಿಕೊಂಡ ಆ ಕೆಲಸಕ್ಕಿಂತ ಹೆಚ್ಚಿನ ಸಂಪ್ರದಾಯವಾದಿ ಕೆಲಸ ಈ ಭಾಗದಲ್ಲಿ ನನಗೆ ಕಾಣುವುದಿಲ್ಲ. ಎರಡು ಚುನಾವಣೆಗಳನ್ನು ಒಂದೇ ದಿನಕ್ಕೆ ತಂದರೆ ಇಂಥ ಸ್ಥಳೀಯ ವಿವೇಚನೆ ರಾಷ್ಟ್ರೀಯ ಅಲೆಯಲ್ಲಿ ಕೊಚ್ಚಿಹೋಗುವುದಿಲ್ಲವೇ ಎಂಬುದಕ್ಕೆ, ಪರಂಪರೆಯನ್ನು ಕಾಪಾಡುತ್ತೇನೆ ಎನ್ನುವವರೇ ಮೊದಲು ಉತ್ತರಿಸಬೇಕು.

ಈಗ ನೀರಿನ ಮಾತಿಗೆ ಬರುತ್ತೇನೆ. ಈ ಮೂರು ಜಿಲ್ಲೆಗಳಲ್ಲಿ ಯಾವ ರಾಜಕೀಯ ಚರ್ಚೆಯೂ ಕೊನೆಗೆ ಬಂದು ನಿಲ್ಲುವುದು ಅಲ್ಲಿಯೇ.

ಕೃಷ್ಣೆಯ ಮೇಲಿನ ಆಲಮಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ, ಲಾಲ್ ಬಹದ್ದೂರ್ ಶಾಸ್ತ್ರಿಯವರ ಕೈಯಿಂದ. ಇಂದು ಅಣೆಕಟ್ಟೆಯಲ್ಲಿ ಸಮುದ್ರಮಟ್ಟದಿಂದ 519.6 ಮೀಟರ್ ಎತ್ತರದವರೆಗೆ ನೀರು ನಿಲ್ಲಿಸಲಾಗುತ್ತಿದೆ. ಅಷ್ಟಕ್ಕೆ ಸಂಗ್ರಹ ಸುಮಾರು 123 ಟಿಎಂಸಿ ಅಡಿ (ಒಂದು ಟಿಎಂಸಿ ಅಡಿ ಎಂದರೆ ನೂರು ಕೋಟಿ ಘನ ಅಡಿ). ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ಅಧ್ಯಕ್ಷತೆಯ ಎರಡನೇ ಕೃಷ್ಣಾ ನ್ಯಾಯಾಧೀಕರಣ 2010ರ ಡಿಸೆಂಬರ್ 30ರಂದು ನೀಡಿದ ಐತೀರ್ಪಿನಲ್ಲಿ ಈ ಮಟ್ಟವನ್ನು 524.256 ಮೀಟರ್‌ಗೆ ಏರಿಸಲು ಒಪ್ಪಿಗೆ ಕೊಟ್ಟು, ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತಕ್ಕೆ 130 ಟಿಎಂಸಿ ಅಡಿ ನೀರನ್ನು ಗುರುತಿಸಿತು. 2013ರ ನವೆಂಬರ್‌ನಲ್ಲಿ ಕೊಟ್ಟ ಮುಂದುವರಿದ ವರದಿಯಲ್ಲಿಯೂ ಎತ್ತರದ ವಿಷಯದಲ್ಲಿ ಹಿಂದೆ ಸರಿಯಲಿಲ್ಲ. ಆದರೆ ಅಂತರರಾಜ್ಯ ಜಲವಿವಾದ ಕಾಯ್ದೆಯ ಪ್ರಕಾರ ಐತೀರ್ಪಿಗೆ ಬಲ ಬರುವುದು ಕೇಂದ್ರ ಸರ್ಕಾರ ಅದನ್ನು ಗೆಜೆಟ್‌ನಲ್ಲಿ ಪ್ರಕಟಿಸಿದ ಮೇಲೆ. ಆಂಧ್ರಪ್ರದೇಶದ ಅರ್ಜಿಯ ಮೇಲೆ 2011ರಲ್ಲಿ ಸುಪ್ರೀಂ ಕೋರ್ಟು ಪ್ರಕಟಣೆಯನ್ನು ತಡೆಯಿತು. ಮುಂದೆ ತೆಲಂಗಾಣ ಹುಟ್ಟಿತು, 2023ರಲ್ಲಿ ಕೇಂದ್ರವು ಆಂಧ್ರ ಮತ್ತು ತೆಲಂಗಾಣಗಳ ಹಂಚಿಕೆಯ ಪ್ರಶ್ನೆಯನ್ನು ಅದೇ ನ್ಯಾಯಾಧೀಕರಣಕ್ಕೆ ಹೊಸದಾಗಿ ಒಪ್ಪಿಸಿತು, ನಮ್ಮ ಅಧಿಸೂಚನೆ ಮಾತ್ರ ಹಾಗೆಯೇ ಉಳಿಯಿತು.

ಇದು ಕೋರ್ಟಿನಲ್ಲಿರುವ ವಿಷಯ, ಸಂಸದರೇನು ಮಾಡಲಾಗುತ್ತದೆ ಎಂದು ಅಭ್ಯರ್ಥಿಗಳು ಹೇಳುವುದುಂಟು. ಕೋರ್ಟಿನ ತಡೆ ಇರುವುದು ನಿಜ, ಅದನ್ನು ಮರೆಮಾಚಿ ಕೇಂದ್ರವನ್ನು ದೂರುವುದು ನ್ಯಾಯವಲ್ಲ. ಆದರೆ ಮಹದಾಯಿಯ ಐತೀರ್ಪನ್ನೂ ರಾಜ್ಯಗಳು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದವು. ಹಾಗಿದ್ದೂ ಕೋರ್ಟಿನ ಅನುಮತಿ ಪಡೆದು 2020ರ ಫೆಬ್ರುವರಿಯಲ್ಲಿ ಅದನ್ನು ಗೆಜೆಟ್‌ನಲ್ಲಿ ಪ್ರಕಟಿಸಲಾಯಿತು. ಕಾವೇರಿಯ ಅಂತಿಮ ಐತೀರ್ಪು ಮೇಲ್ಮನವಿಗಳು ಬಾಕಿ ಇರುವಾಗಲೇ 2013ರಲ್ಲಿ ಪ್ರಕಟವಾಯಿತು. ಕೃಷ್ಣೆಗೆ ಅಂಥ ದಾರಿ ಹುಡುಕಲು ಯಾರು ದುಂಬಾಲು ಬಿದ್ದರು? 2019ರಲ್ಲಿ ಬೆಳಗಾವಿ, ಚಿಕ್ಕೋಡಿ, ಬಾಗಲಕೋಟೆ, ವಿಜಯಪುರ ನಾಲ್ಕೂ ಕ್ಷೇತ್ರಗಳು ಬಿಜೆಪಿಯ ಸಂಸದರನ್ನೇ ಆರಿಸಿದ್ದವು. ರಾಜ್ಯದ 28 ಸ್ಥಾನಗಳಲ್ಲಿ 25 ಆ ಪಕ್ಷದ್ದಾಗಿದ್ದವು. ಇಷ್ಟು ಬಲ ಈ ಭಾಗದ ನೀರಿಗಾಗಿ ಒಂದೇ ದನಿಯಲ್ಲಿ ಮಾತಾಡಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಎತ್ತರ ಏರಿದರೆ ಬರುವ ನೀರು ಲಕ್ಷಾಂತರ ಹೆಕ್ಟೇರ್ ಒಣಭೂಮಿಗೆ ಹರಿಯುತ್ತದೆ. ಮುಳುಗುವ ಭೂಮಿಯ ಬಹುಪಾಲು ನಮ್ಮ ಜಿಲ್ಲೆಯದು. ಹಳೆಯ ಬಾಗಲಕೋಟೆಯ ಓಣಿಗಳು ಹಿನ್ನೀರಿನಲ್ಲಿ ಹೋದದ್ದನ್ನೂ ನವನಗರದ ಸೆಕ್ಟರುಗಳಲ್ಲಿ ಜನ ಹೊಸದಾಗಿ ನೆರೆಹೊರೆ ಕಟ್ಟಿಕೊಂಡದ್ದನ್ನೂ ಕಂಡ ತಲೆಮಾರು ಇನ್ನೂ ಇಲ್ಲಿದೆ. ಮೂರನೇ ಹಂತಕ್ಕೆ ಇನ್ನೂ 75 ಸಾವಿರ ಎಕರೆಗೂ ಹೆಚ್ಚು ಭೂಮಿ ಮುಳುಗಲಿದೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗಡೆಯ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ದರ ನಿಗದಿ ಮಾಡಿತು. ಸಂಪ್ರದಾಯವಾದಿ ಅಭ್ಯರ್ಥಿಗೆ ಇಲ್ಲಿ ಬೇರೆ ಯಾರಿಗೂ ಇಲ್ಲದ ಹೊಣೆಯಿದೆ. ಹಳ್ಳಿಯೊಂದು ಮುಳುಗುವಾಗ ಹೊಲದ ಜೊತೆಗೆ ಹನುಮಪ್ಪನ ಗುಡಿ, ಊರ ಅಗಸಿ, ದರ್ಗಾ, ಜಾತ್ರೆಯ ದಿನ ತೇರು ಎಳೆಯುವ ಬೀದಿ, ಹಿರಿಯರನ್ನು ಹೂಳಿದ ನೆಲ ಎಲ್ಲವೂ ಹೋಗುತ್ತವೆ. ಹಣದ ದರದ ಬಗ್ಗೆ ಎಲ್ಲ ಪಕ್ಷಗಳೂ ಮಾತಾಡುತ್ತವೆ; ಊರನ್ನು ಊರಾಗಿಯೇ ಎತ್ತಿ ಕೂರಿಸುವುದು ಹೇಗೆ, ಒಂದು ಊರಿನ ಜನರನ್ನು ನಾಲ್ಕು ಪುನರ್ವಸತಿ ಕೇಂದ್ರಗಳಿಗೆ ಚದುರಿಸದೆ ಇಡುವುದು ಹೇಗೆ ಎಂಬ ಬಗ್ಗೆ ಪರಂಪರೆಯ ಹೆಸರಿನಲ್ಲಿ ಮತ ಕೇಳುವವರು ಮಾತಾಡಬೇಕಿತ್ತು. ಅಯೋಧ್ಯೆಯ ಗುಡಿಗೆ ಮಿಡಿದ ಮನಸ್ಸು ಕೃಷ್ಣೆಯ ದಂಡೆಯ ಸಣ್ಣ ಗುಡಿಗೂ ಮಿಡಿಯಲಿ ಎಂದು ನಾನು ನಿಜವಾಗಿ ಬಯಸುತ್ತೇನೆ.

ಇನ್ನೊಂದು ಕಡೆ ಮಹಾರಾಷ್ಟ್ರ ಸರ್ಕಾರ, ಸಾಂಗ್ಲಿ ಮತ್ತು ಕೊಲ್ಹಾಪುರದ ನೆರೆಗೆ ಆಲಮಟ್ಟಿಯ ಹಿನ್ನೀರೇ ಕಾರಣವೆಂದು ಹೇಳಿ, 2025ರಲ್ಲಿ ಎತ್ತರ ಹೆಚ್ಚಳವನ್ನು ಬಹಿರಂಗವಾಗಿ ವಿರೋಧಿಸಿತು. ಅಲ್ಲಿನ ಮುಖ್ಯಮಂತ್ರಿಯೂ ಇಲ್ಲಿನ ನಮ್ಮ ಅಭ್ಯರ್ಥಿಯೂ ಒಂದೇ ಪಕ್ಷದವರು. ಅವರು ತಮ್ಮ ಜನರ ಪರವಾಗಿ ನಿಂತದ್ದಕ್ಕೆ ನನ್ನ ಆಕ್ಷೇಪವಿಲ್ಲ. ಅಷ್ಟೇ ಸ್ಪಷ್ಟವಾಗಿ ನಮ್ಮವರು ನಮ್ಮ ಪರವಾಗಿ ಮಾತಾಡಲಿ ಎಂಬುದಷ್ಟೇ ನನ್ನ ಬೇಡಿಕೆ.

ಮಹದಾಯಿಯದೂ ಇದೇ ಕಥೆ. ನಮ್ಮ ಮಲಪ್ರಭೆ ಹುಟ್ಟುವ ಖಾನಾಪುರ ತಾಲ್ಲೂಕಿನ ಕಣಕುಂಬಿಯ ಆಸುಪಾಸಿನಲ್ಲಿಯೇ ಕಳಸಾ ನಾಲೆಯ ಕಾಮಗಾರಿಯೂ ಇದೆ. 2018ರ ಆಗಸ್ಟ್‌ನ ಐತೀರ್ಪಿನಲ್ಲಿ ಕರ್ನಾಟಕಕ್ಕೆ ಸಿಕ್ಕ 13.42 ಟಿಎಂಸಿ ಅಡಿಯಲ್ಲಿ ಕಳಸಾ ಮತ್ತು ಬಂಡೂರಿಯಿಂದ ಮಲಪ್ರಭೆಗೆ ತಿರುಗಿಸಲು ಒಪ್ಪಿದ್ದು 3.9 ಟಿಎಂಸಿ ಅಡಿ ಮಾತ್ರ. ಕೇಂದ್ರ ಜಲ ಆಯೋಗ 2022ರ ಡಿಸೆಂಬರ್ ಕೊನೆಯಲ್ಲಿ ಪರಿಷ್ಕೃತ ಯೋಜನಾ ವರದಿಗೆ ಒಪ್ಪಿಗೆ ಕೊಟ್ಟಾಗ ವಿಧಾನಸಭಾ ಚುನಾವಣೆ ಹತ್ತಿರವಿತ್ತು, ವಿಜಯೋತ್ಸವವೂ ನಡೆಯಿತು. ವನ್ಯಜೀವಿ ಮಂಡಳಿಯ ಅನುಮತಿಯ ಮುಂದೆ ಕೆಲಸ ನಿಂತಿತು. ಆ ಹೊತ್ತಿಗೆ ಬೆಂಗಳೂರು, ಪಣಜಿ, ದಿಲ್ಲಿ ಮೂರರಲ್ಲಿಯೂ ಬಿಜೆಪಿಯದೇ ಸರ್ಕಾರ. ಮುಂಬೈಯಲ್ಲಿಯೂ ಆ ಪಕ್ಷ ಅಧಿಕಾರದ ಪಾಲುದಾರ. ಎಲ್ಲೆಡೆ ಒಂದೇ ಪಕ್ಷ ಇದ್ದರೆ ಅಂತರರಾಜ್ಯ ವ್ಯಾಜ್ಯಗಳು ತಾವಾಗಿಯೇ ಬಗೆಹರಿಯುತ್ತವೆ ಎಂಬ ಭರವಸೆಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆ ಸಿಗುವುದಿಲ್ಲ, ಮತ್ತು ಅದು ಆ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಕರ್ನಾಟಕ–ಮಹಾರಾಷ್ಟ್ರ ಗಡಿಯ ವಿಷಯದಲ್ಲಿಯೂ ಹೀಗೆಯೇ ಆಯಿತು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಗೃಹ ಸಚಿವರು ಎರಡೂ ರಾಜ್ಯಗಳ ಮುಖ್ಯಮಂತ್ರಿಗಳನ್ನು ಕೂರಿಸಿ ಮಾತಾಡಿಸಿದರು. ಅದೇ ತಿಂಗಳು ಎರಡೂ ವಿಧಾನಸಭೆಗಳು ಒಂದಕ್ಕೊಂದು ವಿರುದ್ಧವಾದ ನಿರ್ಣಯಗಳನ್ನು ಅಂಗೀಕರಿಸಿದವು.

ಕಬ್ಬಿನ ವಿಷಯದಲ್ಲಿ ಹೊಣೆ ಹೆಚ್ಚು ಹಂಚಿಹೋಗಿದೆ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಸೇರಿದ ರೈತರು ಕಟಾವು ಮತ್ತು ಸಾಗಣೆ ಖರ್ಚು ಹೊರತುಪಡಿಸಿ ಟನ್ನಿಗೆ 3500 ರೂಪಾಯಿ ಕೇಳಿದರು. ರಾಜ್ಯ ಸರ್ಕಾರ ಶೇ 11.25ರ ಸಕ್ಕರೆ ಇಳುವರಿಗೆ 3300 ರೂಪಾಯಿಗೆ ಒಪ್ಪಂದ ಮಾಡಿಸಿತು. ಆಗ ಬಿಜೆಪಿಯ ನಾಯಕರು ರೈತರ ಜೊತೆ ಕುಳಿತದ್ದು ಸರಿಯೇ. ಆದರೆ ಎಫ್‌ಆರ್‌ಪಿ (ಕಬ್ಬಿಗೆ ಕಾರ್ಖಾನೆಗಳು ಕೊಡಲೇಬೇಕಾದ ಕನಿಷ್ಠ ದರ) ನಿಗದಿ ಮಾಡುವುದು ಕೇಂದ್ರ. ಸಕ್ಕರೆಯ ಕನಿಷ್ಠ ಮಾರಾಟ ದರ 2019ರ ಫೆಬ್ರುವರಿಯಲ್ಲಿ ಕಿಲೋಗೆ 31 ರೂಪಾಯಿಗೆ ನಿಂತು, ಎಫ್‌ಆರ್‌ಪಿ ವರ್ಷವರ್ಷ ಏರಿದರೂ ಅದು ಅಲ್ಲಿಯೇ ಉಳಿದದ್ದು ಕೇಂದ್ರದ ತೀರ್ಮಾನ. ರಫ್ತಿನ ಮಿತಿ, ಎಥೆನಾಲ್‌ನ ಹಂಚಿಕೆ ಎಲ್ಲವೂ ದಿಲ್ಲಿಯ ಕೈಯಲ್ಲಿವೆ. ತೂಕದಲ್ಲಿ ಮೋಸವಾಗದಂತೆ ನೋಡುವುದು, 14 ದಿನದೊಳಗೆ ಬಿಲ್ಲು ಕೊಡಿಸುವುದು, ತಪ್ಪಿದರೆ ಬಡ್ಡಿ ವಸೂಲು ಮಾಡಿಸುವುದು ರಾಜ್ಯದ ಅಧಿಕಾರಿಗಳ ಕೆಲಸ. ಲೋಕಸಭೆಗೆ ನಿಂತವರು ಮೊದಲನೆಯದರ ಬಗ್ಗೆ, ವಿಧಾನಸಭೆಗೆ ನಿಂತವರು ಎರಡನೆಯದರ ಬಗ್ಗೆ ಮಾತಾಡಬೇಕು. ಅದಲುಬದಲು ಮಾಡಿ ಮಾತಾಡಿದರೆ ರೈತನ ಕೈಗೆ ಬರುವುದೇನೂ ಇಲ್ಲ. ಈ ಭಾಗದ ಕಾರ್ಖಾನೆಗಳ ಮಾಲೀಕರಲ್ಲಿ ಎರಡೂ ಪಕ್ಷಗಳ ನಾಯಕರಿದ್ದಾರೆ ಎಂಬುದನ್ನೂ ಇಲ್ಲಿ ಹೇಳಲೇಬೇಕು, ಯಾಕೆಂದರೆ ಆ ಕಾರಣಕ್ಕೇ ಈ ಮಾತುಗಳು ಎರಡೂ ವೇದಿಕೆಗಳಲ್ಲಿ ಅರ್ಧಕ್ಕೆ ನಿಲ್ಲುತ್ತವೆ.

ಭೂಮಿಯ ವಿಷಯಕ್ಕೆ ಬಂದರೆ ನನಗೆ ಹೆಚ್ಚು ನೋವು ಕೊಟ್ಟದ್ದು 2020ರ ಭೂ ಸುಧಾರಣಾ ತಿದ್ದುಪಡಿ. 1961ರ ಕಾಯ್ದೆಯ 79-ಎ ಮತ್ತು 79-ಬಿ ಕಲಮುಗಳು ಕೃಷಿಕರಲ್ಲದವರು ಹಾಗೂ ಹೆಚ್ಚಿನ ಬೇರೆ ಆದಾಯ ಉಳ್ಳವರು ಕೃಷಿ ಭೂಮಿ ಕೊಳ್ಳದಂತೆ ತಡೆದಿದ್ದವು. ಆ ಕಲಮುಗಳ ಹೆಸರಿನಲ್ಲಿ ಕಚೇರಿಗಳಲ್ಲಿ ಲಂಚ ಹರಿಯುತ್ತಿತ್ತು ಎಂಬ ದೂರು ಸುಳ್ಳಲ್ಲ. ಆದರೆ ಅದಕ್ಕೆ ಮದ್ದು ಲಂಚ ನಿಲ್ಲಿಸುವುದಾಗಿತ್ತು. ಕಲಮುಗಳನ್ನೇ ತೆಗೆದು ಹಾಕಿದ್ದು ಸಂಪ್ರದಾಯದ ಹೆಸರಿನಲ್ಲಿ ಅಧಿಕಾರಕ್ಕೆ ಬಂದ ಸರ್ಕಾರ. ಪಿತ್ರಾರ್ಜಿತ ಹೊಲವನ್ನು ಹೊಟ್ಟೆಗಿಲ್ಲದಿದ್ದರೂ ಮಾರಬಾರದು ಎಂದು ಮಕ್ಕಳಿಗೆ ಹೇಳುವ ಸಮಾಜದಲ್ಲಿ, ಹಣವುಳ್ಳ ಯಾರೇ ಬಂದು ಕೊಳ್ಳಬಹುದು ಎಂಬ ಕಾನೂನನ್ನು ಸಂಪ್ರದಾಯವಾದ ಎಂದು ಒಪ್ಪಲು ನನ್ನಿಂದ ಆಗುವುದಿಲ್ಲ.

2024ರ ಅಕ್ಟೋಬರ್‌ನಲ್ಲಿ ವಿಜಯಪುರ ಜಿಲ್ಲೆಯ ಹೊನವಾಡದ ರೈತರು ತಮ್ಮ ಹೊಲಗಳನ್ನು ವಕ್ಫ್ ಆಸ್ತಿ ಎಂದ ನೋಟಿಸುಗಳ ವಿರುದ್ಧ ಎದ್ದಾಗ ಬಿಜೆಪಿಯವರು ಅವರ ಜೊತೆ ನಿಂತರು. ಪಹಣಿಯ, ನಮ್ಮವರು ಉತಾರ ಎನ್ನುವ ದಾಖಲೆಯ, 11ನೇ ಕಾಲಮಿನಲ್ಲಿ ಇನ್ನೊಬ್ಬರ ಹೆಸರು ಕಂಡರೆ ರೈತನಿಗೆ ಬ್ಯಾಂಕು ಸಾಲ ಕೊಡುವುದಿಲ್ಲ, ನಿದ್ದೆಯೂ ಬರುವುದಿಲ್ಲ. ಅಂದು ಅವರು ಎತ್ತಿದ ದನಿ ನ್ಯಾಯವಾದದ್ದು, ಸರ್ಕಾರ ನೋಟಿಸುಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ರೈತನ ಭೂಮಿಯ ಬಗ್ಗೆ ಅವರಿಗೆ ಅಷ್ಟು ಸಂಕಟವಿದ್ದದ್ದು ನಿಜವಾದರೆ, ಅದೇ ಸಂಕಟ 2020ರಲ್ಲಿಯೂ ಕಾಣಬೇಕಿತ್ತು, ಮುಳುಗಡೆಯ ಪರಿಹಾರಕ್ಕೆ ವರ್ಷಗಟ್ಟಲೆ ನ್ಯಾಯಾಲಯಗಳಿಗೆ ಅಲೆದವರ ವಿಷಯದಲ್ಲಿಯೂ ಕಾಣಬೇಕಿತ್ತು. ಭೂಮಿಯನ್ನು ಕಸಿಯುವವರು ಯಾರು ಎಂಬುದರ ಮೇಲೆ ಸಂಕಟದ ಪ್ರಮಾಣ ನಿರ್ಧಾರವಾಗಬಾರದು.

ಗೋರಕ್ಷಣೆಯ ಬಗ್ಗೆಯೂ ಎರಡು ಮಾತು ಹೇಳಬೇಕು. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಪೇಟೆಗೆ ಹೋದವರಿಗೆ ಎತ್ತಿನ ಮೇಲಿನ ನಮ್ಮವರ ಪ್ರೀತಿಯನ್ನು ವಿವರಿಸಬೇಕಿಲ್ಲ. 1964ರ ಕಾಯ್ದೆ 12 ವರ್ಷ ದಾಟಿದ ಅಥವಾ ದುಡಿಮೆಗೆ ಬಾರದ ಎತ್ತು, ಎಮ್ಮೆಗಳಿಗೆ ವಿನಾಯಿತಿ ಕೊಟ್ಟಿತ್ತು; 2020ರ ಕಾಯ್ದೆ ಎತ್ತುಗಳನ್ನೂ ಸೇರಿಸಿ ಗೋವಂಶದ ಎಲ್ಲವನ್ನೂ ನಿಷೇಧದ ಒಳಗೆ ತಂದಿತು. ಭಾವನೆಯಲ್ಲಿ ನಾನು ಆ ಕಾಯ್ದೆಯ ಜೊತೆಗಿದ್ದೇನೆ. ಆದರೆ ಟ್ರ್ಯಾಕ್ಟರ್ ಬಂದು ಎತ್ತಿಗೆ ಕೆಲಸವಿಲ್ಲದಾಗ, ಬರಗಾಲದಲ್ಲಿ ಕಣಿಕೆಯ ಬೆಲೆ ಏರಿದಾಗ, ಮುದಿ ಎತ್ತನ್ನು ಸಾಯುವವರೆಗೆ ಸಾಕುವ ಪುಣ್ಯದ ಖರ್ಚನ್ನು ಸಮಾಜ ಸಣ್ಣ ರೈತನೊಬ್ಬನ ತಲೆಗೆ ಕಟ್ಟಿತು. ಆ ಖರ್ಚಿಗೆ ದಾರಿಯಾಗಬೇಕಿದ್ದ ಗೋಶಾಲೆಗಳು, 2022ರಲ್ಲಿ ಬಂದ ಪುಣ್ಯಕೋಟಿ ದತ್ತು ಯೋಜನೆ ಇವು ರೈತನ ಕೊಟ್ಟಿಗೆಯವರೆಗೆ ಮುಟ್ಟಲಿಲ್ಲ. ಕಾಯ್ದೆ ತಂದವರು ಮೇವಿನ ಲೆಕ್ಕವನ್ನೂ ತರಬೇಕು.

ಗ್ಯಾರಂಟಿ ಯೋಜನೆಗಳ ವಿರುದ್ಧ ಮಾತಾಡುವಾಗ ನಮ್ಮ ಅಭ್ಯರ್ಥಿ ಮಿತವ್ಯಯದ ಹೆಸರು ಎತ್ತುತ್ತಾರೆ. ಆ ಮಾತಿಗೆ ನನ್ನ ಕಿವಿ ತೆರೆದೇ ಇದೆ. 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿದ ಮೊದಲ ರಾಜ್ಯ ನಮ್ಮದು ಎಂಬುದು ಹೆಮ್ಮೆಯ ವಿಷಯವೇ. ಆದರೆ 2023ರ ತಮ್ಮದೇ ಪ್ರಣಾಳಿಕೆಯಲ್ಲಿ ಬಡ ಕುಟುಂಬಗಳಿಗೆ ವರ್ಷಕ್ಕೆ ಮೂರು ಉಚಿತ ಸಿಲಿಂಡರ್, ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು ಕೊಡುವ ಭರವಸೆ ಇತ್ತು. ಮರುವರ್ಷ ಮಹಾರಾಷ್ಟ್ರದಲ್ಲಿ ಅದೇ ಪಕ್ಷ ಪಾಲುದಾರನಾಗಿದ್ದ ಸರ್ಕಾರ ಹೆಣ್ಣುಮಕ್ಕಳ ಖಾತೆಗೆ ತಿಂಗಳಿಗೆ 1500 ರೂಪಾಯಿ ಹಾಕತೊಡಗಿತು. ಮಿತವ್ಯಯ ಎದುರಾಳಿಯ ಖರ್ಚಿಗೆ ಮಾತ್ರ ಅನ್ವಯಿಸುವ ತತ್ತ್ವವಾದರೆ ಅದನ್ನು ನಂಬುವವರಿಲ್ಲ. ಜೊತೆಗೆ, ಜಮೆಯ ಕಡೆಯ ಮಾತನ್ನೂ ಆಡಬೇಕಲ್ಲ. ಕೇಂದ್ರದ ತೆರಿಗೆಯ ಹಂಚಿಕೆಯಲ್ಲಿ, 14ನೇ ಹಣಕಾಸು ಆಯೋಗದ ಕಾಲಕ್ಕೆ ಶೇ 4.713 ಇದ್ದ ಕರ್ನಾಟಕದ ಪಾಲು 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿಯಿತು. ಆ ಕುಸಿತಕ್ಕೆ ಆಯೋಗವೇ 2020–21ಕ್ಕೆ ಶಿಫಾರಸು ಮಾಡಿದ್ದ 5,495 ಕೋಟಿ ರೂಪಾಯಿಯ ವಿಶೇಷ ಅನುದಾನವನ್ನು ಕೇಂದ್ರ ಒಪ್ಪಲಿಲ್ಲ. ಜನಸಂಖ್ಯೆಯನ್ನು ಹದ್ದುಬಸ್ತಿನಲ್ಲಿಟ್ಟ, ದುಡಿದು ತೆರಿಗೆ ಕಟ್ಟಿದ ರಾಜ್ಯಕ್ಕೆ ಕಡಿಮೆ ಪಾಲು ಎಂಬುದು, ದುಡಿಮೆಯನ್ನೂ ಶಿಸ್ತನ್ನೂ ಗೌರವಿಸುವ ಯಾವ ಸಂಪ್ರದಾಯವಾದಿಗೂ ಮೊದಲು ಚುಚ್ಚಬೇಕಿತ್ತು. ಮುಂದೆ ಲೋಕಸಭಾ ಕ್ಷೇತ್ರಗಳ ಮರುವಿಂಗಡಣೆಯಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ. ನಮ್ಮ 28ರ ತೂಕ ದಿಲ್ಲಿಯಲ್ಲಿ ಕಡಿಮೆಯಾಗಬಾರದು ಎಂದು ಈ ಭಾಗದ ಅಭ್ಯರ್ಥಿ ಎದ್ದು ಹೇಳಿದ್ದನ್ನು ನಾನು ಕೇಳಿಲ್ಲ.

ಪಕ್ಷದ ಶಿಸ್ತು ಅಡ್ಡ ಬರುತ್ತದೆ ಎಂಬ ಸಮಜಾಯಿಷಿಯನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಒಟ್ಟಿಗೆ ಉಕ್ಕಿ ಈ ಜಿಲ್ಲೆಗಳ ಹಳ್ಳಿಗಳು ನೀರಿನಲ್ಲಿ ನಿಂತಾಗ ರಾಜ್ಯ ಸಂಪುಟದಲ್ಲಿ ಮುಖ್ಯಮಂತ್ರಿಯೊಬ್ಬರೇ ಇದ್ದರು. ಕೇಂದ್ರದ ಮಧ್ಯಂತರ ಪರಿಹಾರ 1,200 ಕೋಟಿ ರೂಪಾಯಿ ಬಂದದ್ದು ಅಕ್ಟೋಬರ್‌ನಲ್ಲಿ. ಆ ವಿಳಂಬವನ್ನು ವಿಜಯಪುರ ನಗರದ ಶಾಸಕ ಬಸನಗೌಡ ಪಾಟೀಲ ಯತ್ನಾಳರು ಬಹಿರಂಗವಾಗಿ ಪ್ರಶ್ನಿಸಿದಾಗ ಅವರು ಆಗ ಇದ್ದ ಬಿಜೆಪಿ ಕಾರಣ ಕೇಳುವ ನೋಟಿಸು ಕೊಟ್ಟಿತು. ಯತ್ನಾಳರ ಅನೇಕ ಮಾತುಗಳನ್ನು, ಅದರಲ್ಲೂ ಬೇರೆ ಸಮುದಾಯಗಳ ಬಗ್ಗೆ ಅವರು ಆಡುವ ಮಾತುಗಳನ್ನು ನಾನು ಒಪ್ಪುವವನಲ್ಲ. ಆದರೆ ಮನೆ ಕಳೆದುಕೊಂಡವರ ಪರವಾಗಿ ಅಂದು ಅವರು ಕೇಳಿದ ಪ್ರಶ್ನೆ ನೂರಕ್ಕೆ ನೂರು ಸರಿಯಾಗಿತ್ತು, ಅದಕ್ಕೆ ಸಿಕ್ಕ ಉತ್ತರ ನಮ್ಮ ಉಳಿದ ಪ್ರತಿನಿಧಿಗಳಿಗೆ ಪಾಠವಾಯಿತು ಎಂದು ನನಗೆ ಅನುಮಾನವಿದೆ.

ಆದರೂ ಕಾನೂನು ಅಷ್ಟೊಂದು ಕೈ ಕಟ್ಟಿಲ್ಲ. 1985ರ ಪಕ್ಷಾಂತರ ನಿಷೇಧ ಕಾನೂನಿನಂತೆ ವಿಪ್, ಅಂದರೆ ಪಕ್ಷದ ಆದೇಶ, ಮೀರಿ ಮತ ಹಾಕಿದರೆ ಸದಸ್ಯತ್ವ ಹೋಗಬಹುದು. ಶೂನ್ಯವೇಳೆಯಲ್ಲಿ ಕ್ಷೇತ್ರದ ಸಂಕಟ ಹೇಳಿದರೆ ಹೋಗುವುದಿಲ್ಲ. ಲೋಕಸಭೆಯ 377ನೇ ನಿಯಮದ ಅಡಿ ವಿಷಯ ಪ್ರಸ್ತಾಪಿಸಬಹುದು, ಚುಕ್ಕೆ ಗುರುತಿನ ಪ್ರಶ್ನೆ ಕೇಳಬಹುದು, ಖಾಸಗಿ ಮಸೂದೆ ತರಬಹುದು. 2023ರ ಕೇಂದ್ರ ಬಜೆಟ್‌ನಲ್ಲಿ ಭದ್ರಾ ಮೇಲ್ದಂಡೆಗೆ ಘೋಷಿಸಿದ 5,300 ಕೋಟಿ ರೂಪಾಯಿ ಯಾಕೆ ಬಿಡುಗಡೆಯಾಗಲಿಲ್ಲ ಎಂದು ಕೇಳಲು, ಬಾಗಲಕೋಟೆ–ಕುಡಚಿ ರೈಲು ಮಾರ್ಗ ಮಂಜೂರಾಗಿ ಒಂದೂವರೆ ದಶಕ ಕಳೆದರೂ ಯಾಕೆ ಕುಡಚಿ ಮುಟ್ಟಿಲ್ಲ ಎಂದು ಕೇಳಲು ಯಾವ ವಿಪ್ ಅಡ್ಡ ಬರುತ್ತದೆ?

ಮುಂದಿನ ಚುನಾವಣೆಯಲ್ಲಿ ಅಭ್ಯರ್ಥಿ ನವನಗರಕ್ಕೆ ಬಂದಾಗ ನಾನು ಮತ್ತು ನಮ್ಮ ಓಣಿಯ ಕೆಲವರು ಸೇರಿ ಮೂರು ವಿಷಯಗಳಿಗೆ ಬರಹದಲ್ಲಿ ಉತ್ತರ ಕೇಳಲಿದ್ದೇವೆ. ಕೃಷ್ಣಾ ಐತೀರ್ಪಿನ ಪ್ರಕಟಣೆಗೆ ಅನುಮತಿ ಕೋರಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿನ ಮುಂದೆ ಹೋಗಬೇಕೆಂದು ನೀವು ಸದನದಲ್ಲಿ ಒತ್ತಾಯಿಸುತ್ತೀರಾ? 524.256 ಮೀಟರ್ ಎತ್ತರದ ವಿಷಯದಲ್ಲಿ ನಿಮ್ಮ ಪಕ್ಷದ ಮಹಾರಾಷ್ಟ್ರದ ನಾಯಕರ ನಿಲುವು ತಪ್ಪೆಂದು ಬಹಿರಂಗವಾಗಿ ಹೇಳುತ್ತೀರಾ? ಮುಳುಗುವ ಹಳ್ಳಿಗಳನ್ನು ಗುಡಿ, ದರ್ಗಾ, ಶಾಲೆ, ಸ್ಮಶಾನ ಸಹಿತವಾಗಿ ಒಂದೇ ಕಡೆ ನೆಲೆಗೊಳಿಸುವ ಯೋಜನೆಗೆ ನಿಮ್ಮ ಸಂಸದರ ನಿಧಿಯಿಂದಲಾದರೂ ಪಾಲು ಕೊಡುತ್ತೀರಾ? ಎದುರು ಪಕ್ಷದ ಅಭ್ಯರ್ಥಿಗೂ ಇದೇ ಹಾಳೆ ಹೋಗುತ್ತದೆ. ಸಹಿ ಮಾಡಿ ಕೊಟ್ಟ ಉತ್ತರಗಳನ್ನು, ಕೊಡದವರ ಹೆಸರಿನ ಮುಂದೆ ಖಾಲಿ ಜಾಗವನ್ನು, ಮುಳುಗಡೆಯ ಪಟ್ಟಿಯಲ್ಲಿರುವ ಊರುಗಳ ಕಟ್ಟೆಗಳ ಮೇಲೆ ಮತದಾನಕ್ಕೆ ಮೊದಲು ಓದಿ ಹೇಳುವ ಕೆಲಸವನ್ನು ನಾವು ವಹಿಸಿಕೊಳ್ಳುತ್ತೇವೆ.